ಹೂವಿನ ಹೆಸರಲ್ಲಿ ಎರಡೂವರೆ ಪೆಗ್ಗು!

ಬೆಂಗಳೂರಿನ ದುಬಾರಿ ಬಾರ್‌ಗಳ ಮೆನು ನೋಡಿದವರಿಗೆ ಈ ಐಟಂ ಗೊತ್ತಿರುತ್ತೆ. ಜಪಾನಿ ಹೆಸರು, ಒಳಗೆ ಜಿನ್, ಸಾಕೆ, ಎಲ್ಡರ್‌ಫ್ಲವರ್ ಲಿಕರ್, ಮೇಲೊಂದು ಹೂವಿನ ಎಸಳು. ಕೆಳಗೆ ಸಣ್ಣ ಅಕ್ಷರದಲ್ಲಿ 'ನವಿರಾದ, ಹೂವಿನಂಥ ಪಾನೀಯ' ಅಂತ ವರ್ಣನೆ. "ಏನಾದ್ರೂ ಲೈಟಾಗಿರೋದು ಕೊಡಿ" ಅಂದವರಿಗೆ, ಅದರಲ್ಲೂ ಹುಡುಗಿಯರಿಗೆ, ವೇಟರ್ ಮಹಾಶಯರು ಮೊದಲು ಬೆರಳಿಟ್ಟು ತೋರಿಸೋದು ಇದನ್ನೇ. ಕುಡಿಯೋರು ಕುಡೀಲಿ, ಬಿಡೋರು ಬಿಡ್ಲಿ. ನನ್ನ ತಕರಾರು ಆ 'ನವಿರು' ಅನ್ನೋ ಪದದ ಮೇಲೆ.

ಸ್ವಲ್ಪ ಲೆಕ್ಕ ಹಾಕೋಣ (ಇಂಜಿನಿಯರ್ ಚಟ, ಏನ್ಮಾಡೋದು!). ಇಂಥ ಡ್ರಿಂಕ್‌ಗೆ 60 ಎಂಎಲ್ ಜಿನ್, 15 ಎಂಎಲ್ ಸಾಕೆ, 15 ಎಂಎಲ್ ಲಿಕರ್ ಹಾಕಿದ್ರು ಅಂದ್ಕೊಳ್ಳಿ. ನಮ್ಮ ದೇಶದ ಜಿನ್ ಸಾಮಾನ್ಯವಾಗಿ ಶೇ. 42.8. ಸಾಕೆ ಶೇ. 15ರ ಆಸುಪಾಸು. ಲಿಕರ್ ಶೇ. 20. ಗುಣಿಸಿ, ಕೂಡಿಸಿ: ಒಟ್ಟು ಶುದ್ಧ ಆಲ್ಕೋಹಾಲ್ ಸುಮಾರು 31 ಎಂಎಲ್. 30 ಎಂಎಲ್‌ನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಇರೋದು 13 ಎಂಎಲ್ ಕೂಡ ಇಲ್ಲ. ಅಂದ್ರೆ ಆ ಹೂವಿನ ಗ್ಲಾಸಿನಲ್ಲಿ ಹತ್ತಿರ ಹತ್ತಿರ ಎರಡೂವರೆ ಪೆಗ್ ವಿಸ್ಕಿ ಕೂತಿದೆ! ಐಸ್ ಕರಗಿದ್ರೆ ನೀರು ಜಾಸ್ತಿಯಾಗುತ್ತೆ, ಆಲ್ಕೋಹಾಲ್ ಎಲ್ಲೂ ಹೋಗಲ್ಲ. ಎರಡೂವರೆ ಪೆಗ್ ವಿಸ್ಕಿ ಹಾಕಿಕೊಂಡವನಿಗೆ ತಾನು ಎಷ್ಟು ಕುಡಿದೆ ಅಂತ ಗೊತ್ತಿರುತ್ತೆ. ಇದನ್ನು ಕುಡಿದವರಿಗೆ ಗೊತ್ತಿರಲ್ಲ, ಸಕ್ಕರೆ ಮತ್ತು ಪರಿಮಳ ಅದನ್ನು ಮುಚ್ಚಿಟ್ಟಿರುತ್ತೆ. ಆಮೇಲೆ ಅವರು ಸ್ಕೂಟರ್ ಕೀ ಕೈಗೆತ್ತಿಕೊಳ್ತಾರೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಈ 'ನವಿರಾದ' ಒಂದೇ ಗ್ಲಾಸು ಅದನ್ನು ದಾಟಿಸೋಕೆ ಸಾಕು.

ಇನ್ನು ಸಾಕೆಯ ಕಥೆ. ಆ 31ರಲ್ಲಿ ಅದರ ಪಾಲು ಬರೀ ಎರಡೂಕಾಲು ಎಂಎಲ್. ಹೆಸರು ಅದರದ್ದು, ಕೆಲಸವೆಲ್ಲ ಜಿನ್‌ದು. ಫಂಕ್ಷನ್‌ಗೆ ಒಂದು ಹೆಸರಿಟ್ಟು ಒಳಗೆ ಬೇರೇನೋ ಕೋಡ್ ಬರೆದ ಹಾಗೆ. ರಿವ್ಯೂನಲ್ಲಿ ಉಗಿಸ್ಕೋತೀವಿ ಸ್ವಾಮಿ ನಾವು!

ಬೇಜಾರಿನ ವಿಷಯ ಅಂದ್ರೆ ಹೂವಿನ ಪರಿಮಳ ಸಾಕೆಯಲ್ಲೇ ಇದೆ. ಗಿಂಜೊ ಅನ್ನೋ ಬಗೆಯ ಸಾಕೆಗೆ ಅಕ್ಕಿಯ ಹೊರಭಾಗವನ್ನು ಕನಿಷ್ಠ ಶೇ. 40ರಷ್ಟು ಉಜ್ಜಿ ತೆಗೀತಾರೆ, ದೈಗಿಂಜೊಗೆ ಶೇ. 50. ಕೋಜಿ ಅನ್ನೋ ಶಿಲೀಂಧ್ರ ಅಕ್ಕಿಯ ಪಿಷ್ಟವನ್ನು ಸಕ್ಕರೆ ಮಾಡುತ್ತಾ ಹೋಗುತ್ತೆ, ಅದೇ ತೊಟ್ಟಿಯಲ್ಲಿ, ಅದೇ ಹೊತ್ತಿಗೆ ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತೆ. ಚಳಿಯಲ್ಲಿ ನಿಧಾನವಾಗಿ ಹುದುಗಿಸಿದಾಗ ಸೇಬು, ಬಾಳೆಹಣ್ಣು, ಬಿಳಿ ಹೂವು ನೆನಪಿಸೋ ವಾಸನೆ ಹುಟ್ಟುತ್ತೆ. ಒಂದು ಎಸಳೂ ಹಾಕಿರಲ್ಲ, ಎಲ್ಲಾ ಯೀಸ್ಟಿನ ಕೈಚಳಕ. ಈ ಕಸುಬನ್ನೇ 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು. ಅಷ್ಟೆಲ್ಲ ಮಾಡಿ ಬಂದ ಪರಿಮಳದ ಮೇಲೆ ಯುರೋಪಿನ ಪೊದೆಯೊಂದರ ಹೂವಿನ ಸಿಹಿ ಸುರಿದು 'ಜಪಾನಿನ ವಸಂತ' ಅಂತ ಮಾರೋದು ಯಾವ ನ್ಯಾಯ?

ಹಾಗಂತ ಸಾಕೆಗೆ ಏನೂ ಬೆರೆಸಲೇಬಾರದು ಅನ್ನೋ ಮಡಿವಂತರ ಪಕ್ಷಕ್ಕೂ ನಾನು ಸೇರಿದವನಲ್ಲ. ಜಪಾನಿನವರೇ ಜಿನ್ ಮಾಡ್ತಾರೆ. ಸನ್‌ಟೋರಿ ಕಂಪನಿ 2017ರಲ್ಲಿ ತಂದ ರೋಕು ಜಿನ್‌ನಲ್ಲಿ ಸಕುರಾ ಹೂವು, ಎಲೆ ಎರಡೂ ಇವೆ. ಕ್ಯೋಟೊದ ಕಿ ನೋ ಬಿ ಜಿನ್‌ಗೆ ಅಕ್ಕಿಯ ಮದ್ಯವೇ ಬುನಾದಿ. ಇಬ್ಬರಿಗೂ ಸಂಬಂಧ ಕೂಡಿಬರುತ್ತೆ, ಆದ್ರೆ ಯಾರು ಮುಂದೆ ನಿಲ್ಲಬೇಕು ಅನ್ನೋದಷ್ಟೇ ಪ್ರಶ್ನೆ. ಲೆಕ್ಕ ತಿರುಗಿಸಿ ನೋಡಿ: 60 ಎಂಎಲ್ ತಣ್ಣನೆಯ ಗಿಂಜೊ, 15 ಎಂಎಲ್ ಜಿನ್, ಬೇಕಿದ್ರೆ 5 ಎಂಎಲ್ ಲಿಕರ್. ಕುಲುಕಬೇಡಿ, ಐಸ್ ಜೊತೆ ಮೆಲ್ಲಗೆ ಕಲಕಿ. ಆಲ್ಕೋಹಾಲ್ ಹದಿನಾರೂವರೆ ಎಂಎಲ್‌ಗೆ, ಅಂದ್ರೆ ಸುಮಾರು ಅರ್ಧಕ್ಕೆ ಇಳೀತು. ಗಾಡಿ ಓಡಿಸೋಕೆ ಇದೂ ಪರವಾನಗಿ ಅಲ್ಲ, ಆದ್ರೆ ನವಿರು ಅನ್ನೋ ಮಾತಿಗೆ ಒಂದಿಷ್ಟು ಅರ್ಥವಾದರೂ ಬಂತು.

"ಗಿರಾಕಿಗಳಿಗೆ ಸಿಹಿ, ಕಿಕ್ಕು ಎರಡೂ ಬೇಕು ಸಾರ್" ಅಂತಾರೆ ಬಾರ್‌ನವರು. ಆಯ್ತಪ್ಪಾ, ಕೊಡಿ. ಆದ್ರೆ ಮುಚ್ಚಿಟ್ಟು ಕೊಡಬೇಡಿ. ನಾಲ್ಕು ಸಾಲು ಕವಿತೆ ಅಚ್ಚು ಮಾಡೋ ಜಾಗದಲ್ಲಿ 'ಜಿನ್ 60, ಸಾಕೆ 15' ಅಂತ ಒಂದು ಸಾಲು ಹಾಕೋಕೆ ಏನು ಕಷ್ಟ? ಹತ್ತು ರೂಪಾಯಿ ಬಿಸ್ಕತ್ ಪ್ಯಾಕೆಟ್ ಮೇಲೂ ಒಳಗೇನಿದೆ ಅಂತ ಬರೆದಿರುತ್ತೆ. ಮುಂದಿನ ಸಲ ಆರ್ಡರ್ ಮಾಡೋಕೆ ಮುಂಚೆ ನೀವೇ ಕೇಳಿ: "ಜಿನ್ ಎಷ್ಟು ಹಾಕ್ತೀರಾ?" ಉತ್ತರ ಬರಲಿಲ್ಲ ಅಂದ್ರೆ ನಿಂಬೆ ಸೋಡಾ ಹೇಳಿ, ಅದರಲ್ಲಿ ಮೋಸ ಇಲ್ಲ.

ಏನಂತೀರಿ?