ಹುಟ್ಟಿಗೆ ತಾಯಿಯ ಹೆಸರು ಸಾಕು: ನೆರಿಯದ ಪ್ರಣಾಳಿಕೆ

ನಾವು ನೆರಿಯ, ಚಾರ್ಮಾಡಿ, ಕಕ್ಕಿಂಜೆ ಕಡೆಯವರು. ಬಂಟ್ವಾಳ, ಮೂಡುಬಿದಿರೆಯಿಂದ ಬಂದು ಕೂಡಿಕೊಂಡವರೂ ಇದ್ದೇವೆ. ಬೀಡಿ ಕಟ್ಟುವವರು, ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು, ಆಶಾ ಕಾರ್ಯಕರ್ತೆಯರು, ಒಬ್ಬಂಟಿಯಾಗಿ ಮಕ್ಕಳನ್ನು ಸಾಕಿದ ತಾಯಂದಿರು. ನಮ್ಮ ಮಾತು ಒಂದೇ: ಜನನ ನೋಂದಣಿ ಇರುವುದು ಮಗು ಹುಟ್ಟಿದ್ದನ್ನು ಬರೆದಿಡಲು, ಹೆತ್ತವರ ಮದುವೆಯ ವಿಚಾರಣೆ ನಡೆಸಲು ಅಲ್ಲ.

ಕೌಂಟರಿನಲ್ಲಿ ಆಗುವುದೇನು? ಬಾಣಂತಿ ಅರ್ಜಿ ಚಾಚುತ್ತಾಳೆ. "ಗಂಡನ ಆಧಾರ್ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ. ಇಲ್ಲ ಎಂದರೆ "ಯಾಕೆ ಇಲ್ಲ?" ಸಾಲಿನಲ್ಲಿ ಹಿಂದೆ ನಿಂತವರು ಕಿವಿ ನಿಮಿರಿಸುತ್ತಾರೆ. ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತುತ್ತಾಳೆ. ಕಾನೂನು ಕೊಟ್ಟ 21 ದಿನ ಹಾಗೆಯೇ ಕಳೆದುಹೋಗುತ್ತದೆ. 30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಒಂದು ಪ್ರಶ್ನೆಗೆ ಹೆದರಿದ್ದಕ್ಕೆ ಇಷ್ಟು ದಂಡ.

ಮೊದಲಾದರೆ ಚರ್ಚಿನ ಜ್ಞಾನಸ್ನಾನದ ಪತ್ರವೋ ಶಾಲೆಯ ಟಿಸಿಯೋ ಹೇಗೋ ಕೈಹಿಡಿಯುತ್ತಿತ್ತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದು 2023ರ ಅಕ್ಟೋಬರ್ 1ರಿಂದ ಅದೂ ಇಲ್ಲ. ಆ ದಿನದಿಂದ ಈಚೆ ಹುಟ್ಟಿದ ಮಗುವಿಗೆ ಶಾಲೆ, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಸರ್ಕಾರಿ ನೌಕರಿ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಹಾಗಾಗಿ ಈಗ ತಡೆಯುವ ಒಂದು ಕಾಗದ ಮುಂದೆ ಒಂದು ಬದುಕನ್ನೇ ತಡೆಯುತ್ತದೆ.

ಕಾನೂನು ನಮ್ಮ ಕಡೆಗೇ ಇದೆ. ಅವಿವಾಹಿತ ತಾಯಿ ಅರ್ಜಿ ಹಾಕಿದರೆ ಅವಳಿಂದ ಒಂದು ಅಫಿಡವಿಟ್ ಮಾತ್ರ ಕೇಳಬಹುದು, ಕೋರ್ಟಿನ ಬೇರೆ ಆದೇಶ ಇಲ್ಲದಿದ್ದರೆ ಪ್ರಮಾಣಪತ್ರ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರ ಜುಲೈ 6ರಂದು ಹೇಳಿದೆ. 2023ರ ತಿದ್ದುಪಡಿಯೂ ಒಬ್ಬಂಟಿ ಪೋಷಕರನ್ನು, ಅವಿವಾಹಿತ ತಾಯಿಯನ್ನು ಹೆಸರಿಸಿಯೇ ಮಾನ್ಯ ಮಾಡಿದೆ. ಮದುವೆಯಾಗದವರ ಮಗುವಿಗೆ ಹಿಂದೂ ಕಾನೂನಿನಲ್ಲಿ ಮೊದಲ ಪೋಷಕಿ ತಾಯಿಯೇ, ಅವಳ ನಂತರ ತಂದೆ. ಇದು 1956ರಿಂದ ಇರುವ ನಿಯಮ. ಇಷ್ಟಾಗಿಯೂ ಕಾನೂನು ಕೌಂಟರಿನವರೆಗೆ ಬಂದಿಲ್ಲ.

ತಂದೆಗೆ ವಿನಾಯಿತಿ ಕೊಡಿ ಎಂದು ನಾವು ಕೇಳುತ್ತಿಲ್ಲ. ಕಾಗದದಲ್ಲಿ ಹೆಸರಿಲ್ಲದ ಮಾತ್ರಕ್ಕೆ ಅವನ ಹೊಣೆ ಹೋಗುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಮದುವೆಯಾಗದವರ ಮಗುವಿಗೂ ಜೀವನಾಂಶ ಕೊಡಿಸುತ್ತದೆ. ಹಿಂದೂ ಕಾನೂನಿನಡಿ ಊರ್ಜಿತವಲ್ಲದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಹೆತ್ತವರ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಎಂದು 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪಾದದ್ದು ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ.

ತಾಯಿಯ ಹೆಸರಿಗೆ ಮೂಗು ಮುರಿಯುವುದು ತುಳುನಾಡಿಗೆ ಒಪ್ಪುವ ಮಾತೂ ಅಲ್ಲ. ಇಲ್ಲಿ ಬಂಟರು, ಬಿಲ್ಲವರು ಬರಿ, ಅಂದರೆ ಕುಲದ ಹೆಸರು, ಹಿಡಿಯುವುದು ಇಂದಿಗೂ ತಾಯಿಯ ಕಡೆಯಿಂದ. ವೀರರಾದ ಕೋಟಿ-ಚೆನ್ನಯರನ್ನು ಈ ನಾಡು ದೇಯಿ ಬೈದೆತಿಯ ಮಕ್ಕಳೆಂದೇ ನೆನೆಯುತ್ತದೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ ಪದ್ಧತಿಯಲ್ಲೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು, ನಿಜ. ಆದರೆ ಮಗು ಯಾರದ್ದು ಎಂದು ತಾಯಿಯನ್ನು ನಿಲ್ಲಿಸಿ ಕೇಳುವ ಪ್ರಮೇಯ ಇರಲಿಲ್ಲ.

ನಮ್ಮ ಬೇಡಿಕೆಗಳು:

1. ನೋಂದಣಿ ನಡೆಯುವ ಪ್ರತಿ ಕಚೇರಿ, ಪ್ರತಿ ಹೆರಿಗೆ ಆಸ್ಪತ್ರೆಯಲ್ಲಿ 2015ರ ತೀರ್ಪಿನ ಸಾರಾಂಶವನ್ನು ಕನ್ನಡದಲ್ಲಿ ಗೋಡೆಗೆ ಹಾಕಬೇಕು.

2. ಮದುವೆ ಸರ್ಟಿಫಿಕೇಟ್ ಕೇಳುವುದು ನಿಲ್ಲಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು.

3. ತಾಯಿಯ ಹೇಳಿಕೆ ಪಡೆಯುವುದು ಸಾಲಿನ ಎದುರಲ್ಲ, ಒಳಗೆ ಕೂರಿಸಿ.

4. ಮದುವೆಯಾಗದ ತಂದೆ ತಾಯಿ ಇಬ್ಬರೂ ಕೂಡಿ ಬಂದು ಸಹಿ ಹಾಕಿದರೆ ಇಬ್ಬರ ಹೆಸರನ್ನೂ ತಕರಾರಿಲ್ಲದೆ ಬರೆಯಬೇಕು.

5. ಬಾಂಜಾರುಮಲೆಯಂಥ ಕಾಡಂಚಿನ ಊರಿಗೆ ಮಳೆಗಾಲಕ್ಕೆ ಮೊದಲು ಮತ್ತು ನಂತರ ನೋಂದಣಿ ಶಿಬಿರ ಬರಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ 111 ಮತದಾರರಲ್ಲಿ ಒಬ್ಬರೂ ತಪ್ಪದೆ ಮತ ಹಾಕಿದರು. ಮತಯಂತ್ರ ಹತ್ತಿದ ದಾರಿಯನ್ನು ರಿಜಿಸ್ಟರ್ ಹತ್ತಲಾರದೇ?

ನಮ್ಮ ಕೆಲಸ ಇದು: ಹೆರಿಗೆಯಾದ ವಾರದೊಳಗೆ ಆ ಮನೆಗೆ ಹೋಗುತ್ತೇವೆ. ಅರ್ಜಿ ತುಂಬಿಸುತ್ತೇವೆ, ತಾಯಿಯ ಜೊತೆ ಕೌಂಟರಿಗೆ ಹೋಗುತ್ತೇವೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವೆಂದು ಯಾರೂ ಕಾಯಬೇಕಿಲ್ಲ. ಜನನ ಈಗ ಬರೆಸಿ, ಹೆಸರನ್ನು ಆಮೇಲೆ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ತಂದೆ ಯಾರೆಂದು ನಾವು ಯಾವ ತಾಯಿಯನ್ನೂ ಕೇಳುವುದಿಲ್ಲ. ಅವಳಾಗಿ ಹೇಳಿದರೆ ಅದು ನಮ್ಮಿಂದ ಹೊರಗೆ ಹೋಗುವುದಿಲ್ಲ. ಜಾತಿ, ಧರ್ಮ, ಪಕ್ಷ ನೋಡುವುದಿಲ್ಲ, ಯಾರಿಂದಲೂ ದುಡ್ಡು ಪಡೆಯುವುದಿಲ್ಲ. ಈ ಮಾತು ಒಪ್ಪುವ ಯಾರಾದರೂ ಸದಸ್ಯರಾಗಬಹುದು. ಸದಸ್ಯರ ಮೊದಲ ಕೆಲಸ, ತಮ್ಮ ವಠಾರದಲ್ಲಿ ಜನನ ಪ್ರಮಾಣಪತ್ರ ಇಲ್ಲದ ಮಗು ಇದೆಯೇ ಎಂದು ಈ ವಾರವೇ ವಿಚಾರಿಸುವುದು.