ನಗೆ ನಿಂತ ಗಳಿಗೆ

ನಾಟಕ ಮುಗಿದ ಮೇಲೆ ಪ್ರೇಕ್ಷಕನು ತಾನು ನಕ್ಕುದನ್ನೇ ಮರೆಮಾಚಲು ಯತ್ನಿಸುವ ಸಂದರ್ಭಗಳು ವಿರಳ. ಅಂಥದೊಂದನ್ನು ಕಳೆದ ಭಾದ್ರಪದದಲ್ಲಿ ಕೋಗಿಲಿನಲ್ಲಿ ಕಂಡೆವು. ನಮ್ಮ ಕೆಲವು ವಿದ್ಯಾರ್ಥಿಗಳು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಮಿತ್ರರೊಬ್ಬರ ಮನೆಯ ಮಹಡಿಯ ಮೇಲೆ, ವೇಷಭೂಷಣಗಳ ಗೊಡವೆಯಿಲ್ಲದೆ, ಪಾತ್ರಗಳನ್ನು ಹಂಚಿಕೊಂಡು ಓದಿದರು. ಕೇಳಲು ನೆರೆಹೊರೆಯವರೂ ಬಂದಿದ್ದರು. ಮೊದಲರ್ಧದಲ್ಲಿ ನಗೆಗೆ ಬಿಡುವೇ ಇರಲಿಲ್ಲ. ಬಸಣ್ಣನ ಕೊಲೆಯಾದಾಗ ಯಾರೂ ಅಲುಗಲಿಲ್ಲ. ಕಾಫಿ ಬಂದ ಮೇಲೆ ಮಾತು ಹೊರಟಿತು. ಆದರೆ ಆ ಮಾತೆಲ್ಲವೂ ಬೇರಾವುದೋ ನಾಟಕವನ್ನು ಕುರಿತದ್ದೆಂಬಂತೆ ಕೇಳಿಸಿತು.

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ ಪೋಷಕರೊಬ್ಬರು, “ಹೆಣ್ಣುಮಕ್ಕಳು ಕುಳಿತಿರುವ ಕಡೆ ಇಂಥದನ್ನು ಓದಿಸಬಹುದೆ, ಮೇಷ್ಟ್ರೇ?” ಎಂದರು. ವಿದ್ಯಾರ್ಥಿಗಳಿಗೆ ವಿಮರ್ಶೆ ಬರೆದು ತರಲು ಹೇಳಿದ್ದೆವು. ಹನ್ನೊಂದು ಬರಹಗಳು ಬಂದವು. ಫಲವಂತಿಕೆಯ ಸಂಕೇತ, ಜಮೀನ್ದಾರಿ ದರ್ಪ, ಜಾನಪದದ ಮರುಸೃಷ್ಟಿ ಎಲ್ಲವೂ ಅವುಗಳಲ್ಲಿದ್ದವು. ತಾನು ನಕ್ಕೆನೆಂದು ಮಾತ್ರ ಒಬ್ಬರೂ ಬರೆದಿರಲಿಲ್ಲ. ಪೋಷಕರ ಆಕ್ಷೇಪಕ್ಕಿಂತ ಈ ಮೌನವೇ ನಮ್ಮನ್ನು ಹೆಚ್ಚು ಕಾಡಿತು.

ನಾಟಕವನ್ನು ಓದದವರಿಗಾಗಿ ಕಥೆಯನ್ನಿಷ್ಟು ಹೇಳಬೇಕು. ಊರಿಗೆಲ್ಲ ತಾನೇ ದಣಿಯೆಂದು ಬಂದೂಕು ಹಿಡಿದು ಮೆರೆಯುವ ಗೌಡ ಷಂಡ. ಮಕ್ಕಳ ಹಂಬಲದ ಗೌಡತಿ ಜೋಕುಮಾರಸ್ವಾಮಿಯ ಪ್ರಸಾದವೆನಿಸಿದ ಪಡವಲಕಾಯಿಯನ್ನು ಗಂಡನಿಗೆಂದು ಅಟ್ಟು ಒಯ್ಯುತ್ತಾಳೆ. ಅದು ಬಸಣ್ಣನ ಪಾಲಾಗುತ್ತದೆ. ಗೌಡ ಕಬಳಿಸಿದ ಹೊಲ ತನ್ನದೆಂದು ಹಟ ಹಿಡಿದವನು ಈ ಬಸಣ್ಣ. ಗೌಡತಿ ಬಸುರಾಗುತ್ತಾಳೆ, ಬಸಣ್ಣನನ್ನು ಗೌಡನ ಕಡೆಯವರು ಕೊಲ್ಲುತ್ತಾರೆ. ಪ್ರಹಸನವಾಗಿ ಮೊದಲಾದದ್ದು ಹೆಣದ ಮುಂದೆ ನಿಲ್ಲುತ್ತದೆ.

1972ರಲ್ಲಿ ಬಿ. ವಿ. ಕಾರಂತರು ಇದನ್ನು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಆಡಿಸಿದರು. ಕಾರಂತರು, ಗಿರೀಶ ಕಾರ್ನಾಡರು, ಸ್ವತಃ ಕಂಬಾರರು ರಂಗದ ಮೇಲಿದ್ದರು. ಅಂದಿನಿಂದ ವಿಮರ್ಶೆ ಹೆಚ್ಚಾಗಿ ಎರಡು ದಾರಿಗಳಲ್ಲಿ ನಡೆದಿದೆ. ಒಂದು, ಉಳುವವನಿಗೆ ಹೊಲವೆಂಬ ದಾರಿ. ಗೇಣಿಪದ್ಧತಿಯನ್ನು ರದ್ದುಪಡಿಸಿದ ಭೂಸುಧಾರಣೆಯ ತಿದ್ದುಪಡಿ ಬಂದುದು 1974ರಲ್ಲಿ, ನಾಟಕ ಬಂದ ಎರಡು ವರ್ಷಗಳ ಮೇಲೆ. ಆದುದರಿಂದ ಈ ದಾರಿಗೆ ಬಲವುಂಟು. ಇನ್ನೊಂದು, ಮಳೆ ಬೆಳೆ ಸಂತಾನಗಳ ಆಚರಣೆಯ ದಾರಿ. ಇದೂ ಸುಳ್ಳಲ್ಲ. ಆದರೆ ಎರಡರಲ್ಲೂ ಗೌಡನ ಷಂಡತನ ‘ಪ್ರತೀಕ’ವಾಗಿಬಿಡುತ್ತದೆ. ಪ್ರತೀಕವನ್ನು ಕಂಡು ಯಾರೂ ಹೊಟ್ಟೆ ಹಿಡಿದುಕೊಂಡು ನಗುವುದಿಲ್ಲ! ನಾವು ನಕ್ಕುದು ಒಬ್ಬ ಮನುಷ್ಯನ ಅವಮಾನವನ್ನು ಕಂಡು. ಆ ಅವಮಾನವೇ ಮುಂದೆ ಕೊಲೆಗೆ ಕೈಯೆತ್ತುತ್ತದೆ. ಕೊಲೆಯ ಹೊತ್ತಿಗೆ ನಮಗೆ ಆಗುವ ಇರಿಸುಮುರಿಸು, ಪಡವಲಕಾಯಿಯ ಅಶ್ಲೀಲತೆಯಿಂದ ಬಂದುದಲ್ಲ. ಗೌಡನನ್ನು ಕೆಣಕಿದವರ ಗುಂಪಿನಲ್ಲಿ ನಾವೂ ಇದ್ದೆವೆಂಬ ಅರಿವಿನಿಂದ ಬಂದುದು.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯೂ ಸ್ವಲ್ಪ ಅಡ್ಡ ಬರುತ್ತದೆ. ಹಾಸ್ಯಕ್ಕೆ ಕರುಣ ಭಯಾನಕಗಳು ವಿರೋಧಿಗಳೆಂದು ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಹೇಳಿದ್ದಾನೆ. ಅದನ್ನು ಪಾಠ ಹೇಳಿ ಹೇಳಿ ನಾವೂ ನಂಬಿದ್ದೇವೆ. ಆದರೆ ಈ ಶಾಸ್ತ್ರ ಜೋಕುಮಾರನನ್ನು ಹೊತ್ತು ತರುವ ಹೆಂಗಸರಿಗೆ ತಿಳಿಯದು. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟುವ ಅವನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಮೆತ್ತಿ, ಮನೆಮನೆಗೆ ಒಯ್ದು, ಅವನ ಪೋಲಿತನವನ್ನು ಹಾಡಿ ನಗುತ್ತಾರೆ. ಹುಣ್ಣಿಮೆಗೆ ಅವನು ಸಾಯುತ್ತಾನೆ. ವಾರವೆಲ್ಲ ನಗುವವರಿಗೆ ಆ ಸಾವು ಮೊದಲೇ ಗೊತ್ತು, ಗೊತ್ತಿದ್ದೇ ನಗುತ್ತಾರೆ. ‘ಕರಾಳ ಹಾಸ್ಯ’ವೆಂಬ ಹೆಸರನ್ನು ನಾವು ಪಶ್ಚಿಮದಿಂದ ತಂದುಕೊಂಡಿದ್ದರೂ ಪದಾರ್ಥ ಮನೆಯಲ್ಲೇ ಇತ್ತು.

ಪಶ್ಚಿಮದವರೂ ಇದನ್ನು ಸುಲಭವಾಗಿ ಜೀರ್ಣಿಸಿಕೊಂಡವರಲ್ಲ. 1907ರ ಜನವರಿಯಲ್ಲಿ ಡಬ್ಲಿನ್ನಿನ ಆಬಿ ರಂಗಮಂದಿರದಲ್ಲಿ ಜಾನ್ ಸಿಂಜ್‌ನ ‘ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್’ ಪ್ರಯೋಗವಾದಾಗ ಗಲಭೆಯೆದ್ದಿತು. ತಂದೆಯನ್ನು ಕೊಂದು ಬಂದೆನೆನ್ನುವ ತರುಣನನ್ನು ಹಳ್ಳಿಯವರು ವೀರನೆಂದು ಕೊಂಡಾಡುವ ನಾಟಕವದು. ಪ್ರೇಕ್ಷಕರು ಕೂಗಾಡಿದ್ದು ಮಾತ್ರ ಹೆಂಗಸರ ಒಳಉಡುಪಿನ ಹೆಸರೊಂದು ಬಾಯಿಗೆ ಬಂದಾಗ. ಪಿತೃಹತ್ಯೆಯನ್ನು ಸಹಿಸಿದ ಸಭೆಗೆ ಒಳಲಂಗ ಸಹಿಸಲಿಲ್ಲ! ಆ ಗಲಭೆಯ ಮೂಲ ಬೇರೆಯೇ ಇದ್ದೀತು. ಕೊಲೆಯ ಕಥೆಯನ್ನು ಚಪ್ಪರಿಸುವ ಹಳ್ಳಿಯವರಲ್ಲಿ ಡಬ್ಲಿನ್ನಿನವರು ತಮ್ಮ ಮುಖವನ್ನೇ ಕಂಡಿದ್ದರು. ಮಾನದ ಮಾತೆತ್ತಿದರೆ ಆ ಮುಖವನ್ನು ನೋಡುವ ಕಷ್ಟ ತಪ್ಪುತ್ತದೆ. ನಮ್ಮ ಪೋಷಕರ ಪ್ರಶ್ನೆಯೂ ಇದೇ ಜಾತಿಯದು. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವರಿಗೆ ನಾಟಕ ತಾಗಿತ್ತು, ತಾಗಿದ ಕಡೆಯನ್ನು ಬಿಟ್ಟು ಬೇರೆಡೆಗೆ ಕೈಮಾಡಿದರು, ಅಷ್ಟೆ. (ಕೈಲಾಸಂ ಅವರನ್ನು ‘ಪ್ರಹಸನ ಪ್ರಪಿತಾಮಹ’ರೆಂದು ಕರೆದು, ಅವರ ನಗೆಯೊಳಗಿನ ನೋವಿನಿಂದ ತಪ್ಪಿಸಿಕೊಂಡ ಜನ ನಾವು.)

ವಿದ್ಯಾರ್ಥಿಗಳಿಗೆ ಬರಹಗಳನ್ನು ಹಿಂದಿರುಗಿಸಿ, ಎಲ್ಲಿ ನಕ್ಕಿರಿ, ಎಲ್ಲಿ ನಗೆ ನಿಂತಿತು, ಇಷ್ಟನ್ನೇ ಮೊದಲು ಬರೆದು ತನ್ನಿರೆಂದೆವು. ಫಲವಂತಿಕೆ, ಜಮೀನ್ದಾರಿಗಳು ಆಮೇಲೆ ಬರಲಿ. ಕೆಲವರಿಗೆ ಕಷ್ಟವಾಯಿತು. ಒಬ್ಬ ಹುಡುಗಿ, ಗೌಡತಿ ಗೋಳಾಡುವಾಗಲೂ ತಾನು ನಗುತ್ತಲೇ ಇದ್ದೆನೆಂದೂ, ಪಕ್ಕದಲ್ಲಿದ್ದ ಅತ್ತೆ ನಗುತ್ತಿಲ್ಲವೆಂಬುದನ್ನು ಕಂಡು ನಿಲ್ಲಿಸಿದೆನೆಂದೂ ಬರೆದಳು. ಉಳಿದ ಹತ್ತೂ ಬರಹಗಳಿಗಿಂತ ಆ ವಾಕ್ಯ ನಾಟಕಕ್ಕೆ ಹತ್ತಿರವಾದುದು.

ಆ ಸಂಜೆ ಎಲ್ಲರ ನಗೆಯೂ ಒಂದೇ ಕಡೆ ನಿಂತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೋಗಿಲಿನ ಹಳಬರೊಬ್ಬರಿದ್ದರು. ಬಡಾವಣೆಗಳೇಳುವ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಪಡವಲಕಾಯಿಯ ಪ್ರಸಂಗಕ್ಕೆ ಸಭೆ ಬಿದ್ದು ಬಿದ್ದು ನಗುವಾಗಲೂ ಅವರು ಸುಮ್ಮನಿದ್ದರು. ಇಷ್ಟವಾಗಲಿಲ್ಲವೇನೋ ಎಂದು ಹೊರಡುವಾಗ ವಿಚಾರಿಸಿದೆವು. “ಚೆನ್ನಾಗಿತ್ತು ಸ್ವಾಮಿ,” ಎಂದರು, “ಆ ಹುಡುಗ ಹೊಲ ನಂದು ಅಂದ್ನಲ್ಲ, ಅವಾಗ್ಲೇ ಗೊತ್ತಾಯ್ತು, ಇವನ್ನ ಉಳಿಸಾಕಿಲ್ಲ ಅಂತ.”