ಒರೆಗಲ್ಲಿಗೆ ನಿಲುಕದ ಬೆಲೆ: ಜಾರ್ ಕಾಲದ ಚಿನ್ನದ ನಾಣ್ಯಗಳು

ಚಿನ್ನದ ಬೆಲೆಯು 2025ರ ಅಕ್ಟೋಬರ್ ತಿಂಗಳಲ್ಲಿ ಮೊದಲ ಬಾರಿಗೆ ಔನ್ಸಿಗೆ 4,000 ಡಾಲರುಗಳ ಗಡಿಯನ್ನು ದಾಟಿದ ಬಳಿಕ, ಗಟ್ಟಿ ಮತ್ತು ಬಿಸ್ಕತ್ತುಗಳೊಡನೆ ಹಳೆಯ ಚಿನ್ನದ ನಾಣ್ಯಗಳತ್ತಲೂ ಹೂಡಿಕೆದಾರರ ದೃಷ್ಟಿ ಹೊರಳುವುದು ಸಹಜವೇ ಆಗಿದೆ. ಈ ನಾಣ್ಯಗಳ ಪೈಕಿ ರಷ್ಯದ ಜಾರ್ ಚಕ್ರವರ್ತಿಗಳ ಕಾಲದವುಗಳಿಗೆ ಒಂದು ವಿಶೇಷ ಆಕರ್ಷಣೆಯಿದೆ. ಸಾಮ್ರಾಜ್ಯ ಅಳಿಯಿತು, ರಾಜವಂಶ ನಿರ್ನಾಮವಾಯಿತು, ನಾಣ್ಯವೊಂದು ಉಳಿಯಿತು ಎಂಬ ಕಥೆಯೇ ಅರ್ಧ ವ್ಯಾಪಾರವನ್ನು ಮುಗಿಸಿಬಿಡುತ್ತದೆ. ಆದರೆ ಕಥೆಯನ್ನು ತೂಕಕ್ಕೆ ಹಾಕಿ ಮಾರುವ ಪದ್ಧತಿಯಿಂದ ಕೊಳ್ಳುವವನಿಗೂ ಹಾನಿ, ಕಾಲಕ್ರಮದಲ್ಲಿ ಮಾರುವವನಿಗೂ ಹಾನಿ. ಇಂಥ ಪ್ರತಿಯೊಂದು ನಾಣ್ಯಕ್ಕೂ ಎರಡು ಬೆಲೆಗಳಿವೆ: ಒಂದು ಅದರೊಳಗಿನ ಲೋಹದ್ದು, ಇನ್ನೊಂದು ಅದರ ವಿರಳತೆಯದು. ಇವೆರಡನ್ನೂ ಬೆರೆಸಿ ಒಂದೇ ಅಂಕಿಯಲ್ಲಿ ಹೇಳುವ ವ್ಯಾಪಾರವನ್ನು ಚಿನಿವಾರ ಸಮುದಾಯವು ಒಪ್ಪತಕ್ಕದ್ದಲ್ಲ.

ಮೊದಲು ಲೋಹದ ಲೆಕ್ಕ. ಎರಡನೆಯ ನಿಕೊಲಾಸನ ಹತ್ತು ರೂಬಲ್ ನಾಣ್ಯದ ತೂಕ 8.60 ಗ್ರಾಂ. ಸಾವಿರಕ್ಕೆ 900 ಭಾಗ ಪರಿಶುದ್ಧತೆಯ ಈ ನಾಣ್ಯದಲ್ಲಿ 7.74 ಗ್ರಾಂ ಅಪರಂಜಿ ಇದೆ. ನಮ್ಮಲ್ಲಿ ಪವನು ಎಂದೇ ಮನೆಮಾತಾಗಿರುವ ಬ್ರಿಟಿಷ್ ಸವರನ್ನಿನಲ್ಲಿ ಇರುವುದು 7.32 ಗ್ರಾಂ. ಅಂದರೆ ಜಾರನ ಹತ್ತು ರೂಬಲ್ ಪವನಿಗಿಂತ ತುಸು ಹೆಚ್ಚಿನದು, ಅಷ್ಟೆ. ಔನ್ಸಿಗೆ 4,000 ಡಾಲರ್ ದರದಲ್ಲಿ ಅದರ ಲೋಹದ ಮೌಲ್ಯವೇ ಸುಮಾರು 1,000 ಡಾಲರುಗಳಾಗುತ್ತದೆ. ಈ ಲೆಕ್ಕವನ್ನು ತಕ್ಕಡಿ ಹಿಡಿದ ಯಾವ ವರ್ತಕನೂ ಮಾಡಬಲ್ಲ. ತೊಡಕು ಆರಂಭವಾಗುವುದು ಇದರ ಮೇಲೆ ಕೇಳುವ ಹೆಚ್ಚುವರಿ ಹಣದಲ್ಲಿ.

ಈ ನಾಣ್ಯಗಳು ಹುಟ್ಟಿದ್ದು 1897ರ ಹಣಕಾಸು ಸುಧಾರಣೆಯಿಂದ. 1892ರಿಂದ 1903ರವರೆಗೆ ಅರ್ಥಸಚಿವನಾಗಿದ್ದ ಸೆರ್ಗೆಯ್ ವಿಟ್ಟೆ ರಷ್ಯವನ್ನು ಸುವರ್ಣಮಾನಕ್ಕೆ ತಂದನು. ಅಲ್ಲಿಯವರೆಗೆ ಹತ್ತು ರೂಬಲ್ ಮುಖಬೆಲೆಯಿದ್ದ 12.90 ಗ್ರಾಂ ತೂಕದ ಇಂಪೀರಿಯಲ್ ನಾಣ್ಯದ ಚಿನ್ನವನ್ನು ಒಂದಿಷ್ಟೂ ಬದಲಿಸದೆ ಅದನ್ನು ಹದಿನೈದು ರೂಬಲ್ ಎಂದು ಘೋಷಿಸಲಾಯಿತು. ರೂಬಲ್ಲಿನ ಮೌಲ್ಯವನ್ನು ಮೂರನೆಯ ಒಂದು ಭಾಗ ಇಳಿಸಿ, ಆ ಇಳಿಕೆಯನ್ನೇ ಭದ್ರತೆಯ ಹೆಸರಿನಲ್ಲಿ ಲೋಕಕ್ಕೆ ಒಪ್ಪಿಸಿದ ಈ ಚಾತುರ್ಯಕ್ಕೆ ಇಂದಿನ ಕೇಂದ್ರ ಬ್ಯಾಂಕುಗಳೂ ತಲೆದೂಗಬೇಕು. ಹೊಸ ಮಾನಕ್ಕೆ ರೂಬಲ್ ಎಂಬ ಹೆಸರನ್ನೇ ಬಿಟ್ಟು ‘ರುಸ್’ ಎಂದು ಕರೆಯುವ ಯೋಚನೆಯೂ ಇತ್ತು. 1895ರಲ್ಲಿ ಆ ಹೆಸರಿನ ಪ್ರಾಯೋಗಿಕ ನಾಣ್ಯಗಳ ಐದೇ ಕಟ್ಟುಗಳನ್ನು ಟಂಕಿಸಿ, ಯೋಚನೆಯನ್ನು ಕೈಬಿಡಲಾಯಿತು. ನಿಜವಾದ ವಿರಳತೆ ಎಂದರೆ ಇದು. 1902ರ ದಿನಾಂಕವುಳ್ಳ, ‘37 ರೂಬಲ್ 50 ಕೊಪೆಕ್ – 100 ಫ್ರಾಂಕ್’ ಎಂಬ ಎರಡು ಮುಖಬೆಲೆಗಳನ್ನು ಹೊತ್ತ ನಾಣ್ಯವೂ ಅದೇ ವರ್ಗಕ್ಕೆ ಸೇರಿದ್ದು. ಅದು ಕೆಲವು ನೂರರ ಸಂಖ್ಯೆಯಲ್ಲಿ ಮಾತ್ರ ಹೊರಬಂದಿತು.

ಇವುಗಳ ಎದುರಿಗೆ ಸಾಮಾನ್ಯ ನಾಣ್ಯಗಳ ಸಂಖ್ಯೆಯನ್ನು ನೋಡಬೇಕು. 1897ರ ಹದಿನೈದು ರೂಬಲ್ ನಾಣ್ಯಗಳು ಸುಮಾರು 1 ಕೋಟಿ 19 ಲಕ್ಷ. 1898ರ ಐದು ರೂಬಲ್ ನಾಣ್ಯಗಳು 5 ಕೋಟಿ 20 ಲಕ್ಷಕ್ಕೂ ಮಿಗಿಲು. 1899ರ ಹತ್ತು ರೂಬಲ್ ನಾಣ್ಯಗಳು ಸುಮಾರು 2 ಕೋಟಿ 76 ಲಕ್ಷ. ಇಂಥ ನಾಣ್ಯವನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ‘ಅಪರೂಪದ ರಾಜಮನೆತನದ ನಾಣ್ಯ’ ಎಂದು ಕರೆದ ಮಾತ್ರಕ್ಕೆ ಅದು ಅಪರೂಪವಾಗದು. ಪೆಟ್ಟಿಗೆಗೆ ಬೇಕಾದರೆ ಬೇರೆ ಬೆಲೆ ಕಟ್ಟಬಹುದು.

ಹಾಗಾದರೆ ಟಂಕಸಾಲೆಯ ಅಂಕಿ-ಸಂಖ್ಯೆಗಳನ್ನು ನೋಡಿ ಬೆಲೆ ಕಟ್ಟಿದರೆ ಸಾಕೇ? ರಷ್ಯದ ನಾಣ್ಯಗಳ ವಿಷಯದಲ್ಲಿ ಅದೂ ಸಾಲದು. ಈ ಶಾಖೆಯ ಅತ್ಯಂತ ಕುತೂಹಲಕರ ಸಂಗತಿ ಇರುವುದು ಇಲ್ಲಿಯೇ. ಕ್ರಾಂತಿಯ ನಂತರ ಸೋವಿಯತ್ ಸರಕಾರವು 1923ರಲ್ಲಿ ಹತ್ತು ರೂಬಲ್ಲಿನಷ್ಟೇ ತೂಕ ಮತ್ತು ಪರಿಶುದ್ಧತೆಯುಳ್ಳ, ಬೀಜ ಬಿತ್ತುವ ರೈತನ ಚಿತ್ರವಿದ್ದ ಚೆರ್ವೊನೆಟ್ಸ್ ಎಂಬ ಚಿನ್ನದ ನಾಣ್ಯವನ್ನು ಹೊರತಂದಿತು. ಲೋಹ ಅದೇ, ತೂಕ ಅದೇ. ಆದರೂ ಹೊಸ ಲಾಂಛನವನ್ನು ಕಂಡ ವಿದೇಶೀ ವರ್ತಕರು ಅದನ್ನು ಕೊಳ್ಳಲು ಹಿಂಜರಿದರು. ಆಗ ಆ ಸರಕಾರವು 1920ರ ದಶಕದ ಮಧ್ಯಭಾಗದಲ್ಲಿ ತಾನು ಕಿತ್ತೊಗೆದ ಜಾರನ ಮುಖವನ್ನೇ ಹೊತ್ತ ಐದು ಮತ್ತು ಹತ್ತು ರೂಬಲ್ ನಾಣ್ಯಗಳನ್ನು ಹೊರದೇಶದ ಪಾವತಿಗಾಗಿ ಮತ್ತೆ ಟಂಕಿಸಿತು. ಅವುಗಳ ಮೇಲಿದ್ದುದು ಜಾರ್ ಕಾಲದ ಇಸವಿಯೇ. ಸಿದ್ಧಾಂತವು ವ್ಯಾಪಾರದ ಮುಂದೆ ಇಷ್ಟು ನಿಶ್ಶಬ್ದವಾಗಿ ತಲೆಬಾಗಿದ ಪ್ರಸಂಗ ಇನ್ನೊಂದಿರಲಾರದು. ಇದರ ಫಲವಾಗಿ ಹಳೆಯ ಟಂಕಸಾಲೆಯ ಕಡತಗಳಲ್ಲಿರುವ ಸಂಖ್ಯೆಗಿಂತ ಹೆಚ್ಚಿನ ನಾಣ್ಯಗಳು ಮಾರುಕಟ್ಟೆಯಲ್ಲಿ ಇರುವುದು ಸಾಧ್ಯವಾಯಿತು. ಆದುದರಿಂದ ಕ್ಯಾಟಲಾಗಿನ ಒಂದು ಸಣ್ಣ ಅಂಕಿಯನ್ನು ತೋರಿಸಿ ಹೆಚ್ಚುವರಿ ಬೆಲೆ ಕೇಳುವವನ ಮಾತನ್ನು ಹಾಗೆಯೇ ನಂಬಲಾಗದು.

ಸರಕಾರವೇ ಪರರ ನಾಣ್ಯವನ್ನು ಅಚ್ಚುಹಾಕುವುದು ಪೀಟರ್ಸ್‌ಬರ್ಗಿಗೆ ಹೊಸತೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. 1735ರಿಂದ 1868ರವರೆಗೆ ಅಲ್ಲಿನ ಟಂಕಸಾಲೆಯು ಡಚ್ಚರ ಡಕಾಟ್ ನಾಣ್ಯದ ಪಡಿಯಚ್ಚನ್ನು ಗುಟ್ಟಾಗಿ ತಯಾರಿಸುತ್ತಿತ್ತು. ಸರಕಾರೀ ದಾಖಲೆಗಳಲ್ಲಿ ಅದಕ್ಕಿದ್ದ ಹೆಸರು ‘ಸುಪರಿಚಿತ ನಾಣ್ಯ’ ಎಂದು. ಚಿನ್ನದಲ್ಲಿ ಮೋಸವಿರಲಿಲ್ಲ; ಮೋಸವಿದ್ದುದು ಹೆಸರಿನಲ್ಲಿ.

ಹೀಗೆ ಮೋಸವು ಲೋಹದಲ್ಲಿಲ್ಲದೆ ಹೆಸರಿನಲ್ಲಿರುವುದು ಇಂದಿನ ನಕಲಿ ನಾಣ್ಯಗಳ ಲಕ್ಷಣವೂ ಹೌದು. ಅಗ್ಗದ ಲೋಹಕ್ಕೆ ಮುಲಾಮು ಹಾಕಿದ ನಾಣ್ಯವನ್ನು ಚಿನಿವಾರನು ಒಂದೇ ನೋಟದಲ್ಲಿ ಪಕ್ಕಕ್ಕಿಡುತ್ತಾನೆ. ಆದರೆ ಸರಿಯಾದ ಪರಿಶುದ್ಧತೆಯ ಚಿನ್ನದಿಂದಲೇ, ಸರಿಯಾದ ತೂಕದಲ್ಲಿಯೇ ಮಾಡಿದ ನಕಲಿಯ ಮುಂದೆ ಒರೆಗಲ್ಲು ನಿರುಪಾಯವಾಗುತ್ತದೆ. ಅದು ಲೋಹಕ್ಕೆ ಸಾಕ್ಷಿ ನುಡಿಯಬಲ್ಲುದೇ ಹೊರತು ನಾಣ್ಯಕ್ಕಲ್ಲ. ತಲೆತಲಾಂತರದಿಂದ ಚಿನ್ನದ ಕಸಬಿನಲ್ಲಿರುವವರೂ ಇಲ್ಲಿ ಎಡವುವುದುಂಟು; ಕಾರಣ, ತಮ್ಮ ಪರೀಕ್ಷೆಯಲ್ಲಿ ಅವರಿಗಿರುವ ವಿಶ್ವಾಸವೇ.

ಇಲ್ಲಿ ಒದಗಿಬರುವುದು ನಾಣ್ಯದ ಅಂಚು. ಹತ್ತು ರೂಬಲ್ಲಿನ ಅಂಚಿನ ಸುತ್ತ ಅಪರಂಜಿಯ ಪ್ರಮಾಣವನ್ನು ರಷ್ಯದ ಹಳೆಯ ಮಾನದಲ್ಲಿ, 1 ಜೊಲೊತ್ನಿಕ್ 78.24 ದೋಲಿ ಎಂದು, ಅಕ್ಷರಗಳಲ್ಲಿ ಕೊರೆಯಲಾಗಿದೆ. ಜೊಲೊತ್ನಿಕ್ ಎಂದರೆ 4.266 ಗ್ರಾಂ, ಅದರ 96ನೆಯ ಒಂದು ಭಾಗ ದೋಲಿ. ಗುಣಿಸಿ ಕೂಡಿದರೆ ಅದೇ 7.74 ಗ್ರಾಂ ಬರುತ್ತದೆ. ಇದರ ಜೊತೆಗೆ ಕಂಸದೊಳಗೆ ಟಂಕಸಾಲೆಯ ಅಧಿಕಾರಿಯ ಹೆಸರಿನ ಎರಡು ಆದ್ಯಕ್ಷರಗಳಿರುತ್ತವೆ. 1900ರ ನಾಣ್ಯದಲ್ಲಿ ಫೆಲಿಕ್ಸ್ ಜಾಲೆಮನ್ ಎಂಬವನ ಅಕ್ಷರಗಳಿದ್ದರೆ, 1906ರ ವೇಳೆಗೆ ಆತ ಆ ಹುದ್ದೆಯಲ್ಲಿರಲಿಲ್ಲ. 1906ರ ಹತ್ತು ರೂಬಲ್ ನಾಣ್ಯಗಳು ಹತ್ತು ಮಾತ್ರ ಎಂದು ದಾಖಲೆಗಳು ಹೇಳುತ್ತವೆ. ಆದುದರಿಂದಲೇ ಸಾಧಾರಣ ವರ್ಷದ ಕೊನೆಯ ಅಂಕಿಯನ್ನು ತಿದ್ದಿ 6 ಮಾಡುವ ಆಸೆಯು ವಂಚಕನಿಗೆ ಹುಟ್ಟೀತು. ಸೊನ್ನೆಯನ್ನು ಆರು ಮಾಡುವುದು ಸುಲಭ, ಅಂಚನ್ನು ತಿದ್ದುವುದು ಕಷ್ಟ. ಆದರೂ ಎರಡು ಮುಖಗಳ ಛಾಯಾಚಿತ್ರ ತೋರಿಸಿ ಅಂಚನ್ನು ತೋರಿಸದೆ ನಡೆಯುವ ಮಾರಾಟಗಳನ್ನು ಗ್ರಾಹಕರು ಸಹಿಸಿಕೊಂಡು ಬರುತ್ತಿರುವುದು ಆಶ್ಚರ್ಯದ ಸಂಗತಿ.

ಇನ್ನು ಈ ನಾಣ್ಯಗಳು ಯಾರ ಕೈಯಿಂದ ಯಾರ ಕೈಗೆ ಬಂದವು ಎಂಬ ಪ್ರಶ್ನೆ. ಇದನ್ನು ಭಾವುಕತೆಯೆಂದು ತಳ್ಳಿಹಾಕುವವರಿದ್ದಾರೆ. ಬೆಲೆಯ ದೃಷ್ಟಿಯಿಂದಲೂ ಅದು ಸರಿಯಲ್ಲ. 1931ರಿಂದ 1936ರವರೆಗೆ ಸೋವಿಯತ್ ಪ್ರಜೆಗಳು ‘ತೊರ್ಗ್‌ಸಿನ್’ ಎಂಬ ಸರಕಾರೀ ಅಂಗಡಿಗಳಲ್ಲಿ ತಮ್ಮ ಚಿನ್ನವನ್ನು ಕೊಟ್ಟು ಆಹಾರಧಾನ್ಯ ಪಡೆಯಬಹುದಿತ್ತು. 1932-33ರ ಭೀಕರ ಕ್ಷಾಮದಲ್ಲಿ ಜನರು ನೆಲದಡಿ, ಗೋಡೆಯೊಳಗೆ ಬಚ್ಚಿಟ್ಟಿದ್ದ ಜಾರ್ ನಾಣ್ಯಗಳು ಹಿಟ್ಟಿಗಾಗಿ ಅಲ್ಲಿಗೆ ಬಂದವು. ಅಪರಂಜಿಯ ಗ್ರಾಮಿಗೆ 1 ರೂಬಲ್ 29 ಕೊಪೆಕ್ ದರವಿತ್ತು. ಎಂದರೆ ಹತ್ತು ರೂಬಲ್ ನಾಣ್ಯಕ್ಕೆ ಸಿಕ್ಕಿದ್ದು ಹತ್ತು ರೂಬಲ್ಲೇ, ವಿರಳತೆಗೆ ಬಿಡಿಗಾಸೂ ಇಲ್ಲ. ರಾಜವಂಶದವನೇ ಆದ ಗ್ರ್ಯಾಂಡ್ ಡ್ಯೂಕ್ ಗಿಯೋರ್ಗಿ ಮಿಖೈಲೊವಿಚ್ ರಷ್ಯದ ನಾಣ್ಯಗಳ ಅತಿ ಶ್ರೇಷ್ಠ ಸಂಗ್ರಹವನ್ನು ಕಟ್ಟಿ, ಅವುಗಳ ಬಗ್ಗೆ ಹಲವು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ್ದನು. 1919ರ ಜನವರಿಯಲ್ಲಿ ಅವನನ್ನು ಪೆಟ್ರೊಗ್ರಾಡಿನ ಕೋಟೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ದೇಶದಿಂದಾಚೆ ಹೋದ ಅವನ ಸಂಗ್ರಹದ ಬಹುಭಾಗವು ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಇಂದಿಗೂ ಈ ಶಾಖೆಯ ವಿದ್ವಾಂಸರು ಅವನ ಸಂಪುಟಗಳನ್ನೇ ತೆರೆಯುತ್ತಾರೆ.

ಕೈಬದಲಾವಣೆಯ ಲಿಖಿತ ಇತಿಹಾಸವಿರುವ ನಾಣ್ಯಕ್ಕೆ ಹರಾಜಿನಲ್ಲಿ ಹೆಚ್ಚು ಬೆಲೆ ಬರುವುದು ಈ ಹಿನ್ನೆಲೆಯಿಂದಲೇ. 2022ರ ಯುದ್ಧಾನಂತರ ಜಿ-7 ರಾಷ್ಟ್ರಗಳು ರಷ್ಯದಿಂದ ಹೊಸದಾಗಿ ರಫ್ತಾಗುವ ಚಿನ್ನದ ಆಮದನ್ನು ನಿಷೇಧಿಸಿದ ಮೇಲಂತೂ, ನಾಣ್ಯವು ಎಂದು, ಎಲ್ಲಿಂದ ಹೊರಬಂದಿತು ಎಂದು ಹೇಳುವ ಕಾಗದವು ಅಲಂಕಾರವಾಗಿ ಉಳಿದಿಲ್ಲ.

ಚಿನ್ನದ ಬೆಲೆ ಏರಿದಷ್ಟೂ ಇನ್ನೊಂದು ಅಪಾಯವೂ ಬೆಳೆಯುತ್ತದೆ. ಸಾಮಾನ್ಯ ವರ್ಷಗಳ ನಾಣ್ಯಗಳಲ್ಲಿ ಲೋಹದ ಬೆಲೆಯು ಸಂಗ್ರಹಮೌಲ್ಯವನ್ನು ನುಂಗಿಹಾಕಿ, ಅವು ಮೂಸೆಯ ಪಾಲಾಗುವ ಸಂಭವವಿದೆ. ವಿರಳತೆಯನ್ನು ಉತ್ಪ್ರೇಕ್ಷಿಸುವುದು ಎಷ್ಟು ತಪ್ಪೋ, ಇಸವಿಯನ್ನೂ ಅಂಚನ್ನೂ ನೋಡದೆ ಎಲ್ಲವನ್ನೂ ಗಟ್ಟಿಯ ದರದಲ್ಲಿ ಕೊಂಡು ಕರಗಿಸುವುದೂ ಅಷ್ಟೇ ತಪ್ಪು. ರಸೀದಿಯಲ್ಲಿ ಲೋಹದ ಬೆಲೆ ಮತ್ತು ಸಂಗ್ರಹದ ಬೆಲೆಯನ್ನು ಎರಡು ಸಾಲುಗಳಲ್ಲಿ ಬರೆಯುವುದು, ನಾಣ್ಯದ ಇಸವಿ, ತೂಕ, ಅಂಚಿನ ಅಕ್ಷರಗಳನ್ನು ನಮೂದಿಸುವುದು ವರ್ತಕನಿಗೆ ಹೆಚ್ಚಿನ ಹೊರೆಯಲ್ಲ. ನಾಣ್ಯ ಮರಳಿ ಮಾರಾಟಕ್ಕೆ ಬಂದಾಗ ಆ ಎರಡನೆಯ ಸಾಲನ್ನು ತಾನೇ ಎಷ್ಟಕ್ಕೆ ಕೊಳ್ಳುವೆನೆಂದು ಹೇಳಲು ಸಿದ್ಧನಿಲ್ಲದವನು ಅದನ್ನು ಬರೆಯಬಾರದು.

ಭಾರತೀಯ ಸಂಗ್ರಾಹಕರು ಹಣ ತೆರುವ ಮುನ್ನ ಗಮನಿಸಬೇಕಾದ ಕಾನೂನೊಂದಿದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದ ವ್ಯಾಖ್ಯೆಯಲ್ಲಿ, ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು ಪ್ರಾಚೀನ ವಸ್ತುವೇ ಆಗಿದೆ. 1911ರ ಹತ್ತು ರೂಬಲ್ ಕೂಡ ಈಗ ಆ ವಯಸ್ಸನ್ನು ದಾಟಿದೆ. ಪ್ರಾಚೀನ ವಸ್ತುವನ್ನು ರಫ್ತು ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೆ ಮತ್ತು ಅದು ಅಧಿಕೃತಗೊಳಿಸಿದ ಸಂಸ್ಥೆಗೆ ಮಾತ್ರ ಇರುವುದರಿಂದ, ಲಂಡನ್ನಿನ ಹರಾಜಿನ ಬೆಲೆಯನ್ನು ನೋಡಿ ಇಲ್ಲಿ ನಾಣ್ಯ ಕೊಳ್ಳುವವನು, ಆ ಬೆಲೆಗೆ ಅಲ್ಲಿ ಮಾರುವ ದಾರಿ ತನಗೆ ತೆರೆದಿದೆಯೇ ಎಂಬುದನ್ನು ವಕೀಲರಿಂದ ಮೊದಲೇ ತಿಳಿದುಕೊಳ್ಳುವುದು ಒಳಿತು.